ಕಾಸರಗೋಡಿನ ಒಂದು ಯಕೃತ್ ಚಿಕಿತ್ಸಾಲಯ: ಹೆಪಟೈಟಿಸ್ ಸಿ ಸೇವೆಯ ವಿಮರ್ಶೆ

ಬದಿಯಡ್ಕದ ನನ್ನ ಸೋದರಮಾವನವರ ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಚಿಕಿತ್ಸೆ ನಡೆದದ್ದು ಕಾಸರಗೋಡು ಪೇಟೆಯ ಖಾಸಗಿ ಚಿಕಿತ್ಸಾಲಯವೊಂದರಲ್ಲಿ. ಒಂದೇ ಔಷಧ ಕೆಲವರಿಗೆ ಫಲಿಸಿ ಇನ್ನು ಕೆಲವರಿಗೆ ಫಲಿಸದಿರುವುದೇಕೆಂದು ವೈದ್ಯರು ಕನ್ನಡದಲ್ಲೇ ಬಿಡಿಸಿ ಹೇಳಿದ್ದು ಅಲ್ಲಿನ ಸೇವೆಯ ಮುಖ್ಯ ಗುಣವೆಂದು ನನ್ನ ಅಭಿಪ್ರಾಯ.

ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ರೋಗಿಯ ಪ್ರತಿರೋಧ ಶಕ್ತಿಯನ್ನೇ ನೆಚ್ಚಿಕೊಂಡಿದ್ದುದರಿಂದ ವೈರಸ್ಸಿನ ಒಂದನೆಯ ಜೀನೋಟೈಪ್ (ತಳಿ) ತಗುಲಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಗುಣವಾಗುತ್ತಿತ್ತು. ರೋಗಿಯ ಐಎಲ್28ಬಿ ಎಂಬ ಜೀನಿನ ಬಳಿಯ ವ್ಯತ್ಯಾಸವೂ ಇದಕ್ಕೆ ಕಾರಣವೆಂಬುದು 2009ರಲ್ಲಿ ತಿಳಿದುಬಂತು. ಈಗಿನ ಸೊಫೊಸ್‌ಬುವಿರ್–ವೆಲ್‌ಪಟಸ್ವಿರ್ ಮಾತ್ರೆಗಳು ನೇರವಾಗಿ ವೈರಸ್ಸಿನ ಮೇಲೆಯೇ ಕೆಲಸ ಮಾಡುವುದರಿಂದ, 12 ವಾರಗಳ ಚಿಕಿತ್ಸೆಯಲ್ಲಿ ನೂರಕ್ಕೆ ಸುಮಾರು 95 ಮಂದಿ ಗುಣಮುಖರಾಗುತ್ತಾರೆ. ಆದರೂ ಭಾರತದಲ್ಲಿ ವ್ಯಾಪಕವಾಗಿರುವ ಮೂರನೆಯ ಜೀನೋಟೈಪಿನೊಡನೆ ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಡುಸಾಗುವುದು) ಸೇರಿಕೊಂಡರೆ ಫಲ ತುಸು ಕುಗ್ಗುತ್ತದೆ.

ಔಷಧ ವಿಭಾಗದವರು ಮಾವನವರ ಹಳೆಯ ಮಾತ್ರೆಗಳನ್ನೆಲ್ಲ ತರಿಸಿ ನೋಡಿ, ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್‌ನಿಂದ ವೆಲ್‌ಪಟಸ್ವಿರ್ ದೇಹಕ್ಕೆ ಸರಿಯಾಗಿ ಸೇರುವುದಿಲ್ಲವೆಂದು ವೈದ್ಯರ ಗಮನಕ್ಕೆ ತಂದು ಅದನ್ನು ನಿಲ್ಲಿಸಿದರು. ಇಷ್ಟು ಎಚ್ಚರ ಎಲ್ಲೆಡೆ ಕಾಣಸಿಗುವಂಥದಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಫೆನಿಟಾಯಿನ್ ಕೂಡ ಈ ಚಿಕಿತ್ಸೆಯ ಬಲವನ್ನು ಕುಗ್ಗಿಸುತ್ತವೆ.

ಕೊರತೆಯೂ ಇದೆ: ಮಾತ್ರೆ ಮುಗಿದ 12 ವಾರಗಳ ನಂತರದ ರಕ್ತಪರೀಕ್ಷೆಯೇ ಗುಣವಾದದ್ದನ್ನು ಖಚಿತಪಡಿಸುವುದಾದರೂ, ಅದರ ದಿನಾಂಕವನ್ನು ಚೀಟಿಯಲ್ಲಿ ಬರೆಯದೆ ಬಾಯಿಮಾತಿನಲ್ಲಷ್ಟೇ ತಿಳಿಸಿದರು.