ಪರಿಸರ ಸಾರ್ವಜನಿಕ ಆಲಿಕೆ ಸಭೆ: ಶಾಮಿಯಾನದ ಕೆಳಗಿನ ಸರ್ಕಾರಿ ಸೇವೆಗೆ ಐದರಲ್ಲಿ ಎರಡೂವರೆ

ಗಣಿ, ಉಷ್ಣ ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆ, ಜಲವಿದ್ಯುತ್ ಯೋಜನೆ, ಬಂದರು. ಇಂಥವಕ್ಕೆ ಪರಿಸರ ಅನುಮತಿ ಕೊಡುವ ಮುಂಚೆ ಸ್ಥಳೀಯರನ್ನು ಕೇಳಬೇಕು ಎನ್ನುತ್ತದೆ 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ. ಕೇಳುವ ಏರ್ಪಾಡು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು. ವೇದಿಕೆ ಮೇಲೆ ಜಿಲ್ಲಾಧಿಕಾರಿ, ಪಕ್ಕದಲ್ಲಿ ಕಂಪನಿಯವರು, ಎದುರಿಗೆ ಊರವರು ಮತ್ತು ಪರಿಸರ ಸಂಘಟನೆಗಳು. ಜನರಿಗೆ ಪೂರ್ತಿ ಉಚಿತ, ಒಂದು ದಿನದ ಕೂಲಿ ಬಿಟ್ಟರೆ.

ಈ ಸೇವೆ ಏನನ್ನು ಕೊಡುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಭೆಗೆ ಯೋಜನೆ ನಿಲ್ಲಿಸುವ ಅಧಿಕಾರವಿಲ್ಲ. ಸಾವಿರ ಜನ ಕೈಯೆತ್ತಿ ಬೇಡ ಎಂದರೂ ಅದು ಮತವೆಂದು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ತಯಾರಾಗುವುದು ದಾಖಲೆ ಮಾತ್ರ: ಹಾಜರಿ ಪಟ್ಟಿ, ವಿಡಿಯೊ, ನಡಾವಳಿ, ಜನರ ಪ್ರಶ್ನೆ ಮತ್ತು ಕಂಪನಿಯ ಉತ್ತರಗಳ ಪಟ್ಟಿ. ಅಬ್ಬರದ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ, ನಡಾವಳಿಯಲ್ಲಿ ಒಂದು ಸಾಲೂ ಸಿಗದೆ ಹೋಗಬಹುದು.

ಎಲ್ಲ ಯೋಜನೆಗೂ ಈ ಸೇವೆ ಲಭ್ಯವಿಲ್ಲ ಕೂಡ. ಇಐಎ ವರದಿಯೇ ಬೇಕಿಲ್ಲದ ಬಿ2 ವರ್ಗದವು, ಕಟ್ಟಡ ಮತ್ತು ಟೌನ್‌ಶಿಪ್‌ಗಳು, ರಕ್ಷಣಾ ಯೋಜನೆಗಳು ಹೊರಗೆ. ಬೆಂಗಳೂರಿನ ಕೆರೆ ಪಕ್ಕದ ಅಪಾರ್ಟ್‌ಮೆಂಟ್‌ಗೆ ಆಲಿಕೆ ಸಭೆ ಯಾಕಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ.

ನಿಯಮದ ಪ್ರಕಾರ ಏನೇನು ಸಿಗಬೇಕು? ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು, ಸಭೆಗೆ ಕನಿಷ್ಠ 30 ದಿನ ಮುಂಚೆ. ಕರಡು ಇಐಎ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಸಂಸ್ಥೆಗಳಲ್ಲಿ ಕಚೇರಿ ವೇಳೆಯಲ್ಲಿ ನೋಡಲು ಸಿಗಬೇಕು. ಸಭೆ ಯೋಜನಾ ಸ್ಥಳದಲ್ಲಿ ಇಲ್ಲವೇ ಅದಕ್ಕೆ ತೀರಾ ಹತ್ತಿರ, ಜಿಲ್ಲಾವಾರು ನಡೆಯಬೇಕು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಶಿವಮೊಗ್ಗ, ಉತ್ತರ ಕನ್ನಡ ಎರಡೂ ಕಡೆ ಚಾಚಿರುವುದರಿಂದ 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೊಂದು, ಗೇರುಸೊಪ್ಪದಲ್ಲೊಂದು ಸಭೆ ನಡೆದವು. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿಯದು. ತಹಶೀಲ್ದಾರರು ಬಂದು ಕೂತರೆ ಅಲ್ಲೇ ಎದ್ದು ನಿಂತು ಆಕ್ಷೇಪ ದಾಖಲಿಸಿ.

ಈ 30 ದಿನಗಳನ್ನು 20ಕ್ಕೆ ಇಳಿಸಲು ಕೇಂದ್ರ ಸರ್ಕಾರದ 2020ರ ಕರಡು ಅಧಿಸೂಚನೆ ಹೊರಟಿತ್ತು. ಕರಡನ್ನು ಕನ್ನಡವೂ ಸೇರಿ ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಮಾಡಿಲ್ಲ ಎಂದು ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್ ಎಂಬ ಸಂಘಟನೆ ಹೈಕೋರ್ಟಿಗೆ ಹೋಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಆ ವರ್ಷದ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು.

ಕನ್ನಡದ ವಿಚಾರದಲ್ಲಿ ಈ ಸೇವೆಗೆ ಧಾರಾಳವಾಗಿ ಅಂಕ ಕಳೆಯಬಹುದು. ನಿಯಮ ಕೇಳುವುದು ಸಾರಾಂಶವೊಂದು ಮಾತ್ರ ರಾಜ್ಯಭಾಷೆಯಲ್ಲಿ ಇರಲಿ ಎಂದು. ನೂರಾರು ಪುಟದ ಮೂಲ ವರದಿ ಇಂಗ್ಲಿಷ್‌ನಲ್ಲೇ ಇರುತ್ತದೆ, ಸಾರಾಂಶದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಆದ್ದರಿಂದ 30 ದಿನಗಳಲ್ಲಿ ಮೊದಲ ವಾರವನ್ನು ಮೂಲ ವರದಿಗೇ ಮೀಸಲಿಡಿ. ಪುಟ ಒಂದರಿಂದ ಶುರುಮಾಡಬೇಡಿ. ಮೊದಲು 12ನೇ ಅಧ್ಯಾಯ: ವರದಿ ಬರೆದ ಸಲಹೆಗಾರರು ಯಾರು, ಆ ವಲಯದ ಯೋಜನೆಗೆ ಅವರಿಗೆ ನ್ಯಾಬೆಟ್ (ಇಐಎ ಸಲಹೆಗಾರರಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇದೆಯೇ, ಅವಧಿ ಮುಗಿದಿದೆಯೇ ನೋಡಿ. ಆಮೇಲೆ ಟಿಒಆರ್ ಪತ್ರ ಪಕ್ಕಕ್ಕಿಟ್ಟುಕೊಳ್ಳಿ. ಏನೇನು ಅಧ್ಯಯನ ಮಾಡಬೇಕು ಎಂದು ತಜ್ಞರ ಸಮಿತಿ ಕೊಟ್ಟ ಪಟ್ಟಿ ಅದು. ಒಂದೊಂದೇ ಅಂಶಕ್ಕೆ ವರದಿಯಲ್ಲಿ ಉತ್ತರವಿದೆಯೇ ಎಂದು ಗುರುತು ಹಾಕುತ್ತಾ ಹೋಗಿ. ‘ಅನುಸರಿಸಲಾಗಿದೆ’ ಎಂದು ಬರೆದು ತೋರಿಸಿದ ಪುಟ ತೆರೆದರೆ ಅಲ್ಲಿ ಬೇರೇನೋ ಇರುವುದು ಅಪರೂಪವಲ್ಲ.

ನಂತರ 3ನೇ ಅಧ್ಯಾಯ, ಅಂದರೆ ಈಗಿನ ಪರಿಸರ ಸ್ಥಿತಿ. ಗಾಳಿ, ನೀರು, ಶಬ್ದದ ಅಳತೆಗಳನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಮೂರು ತಿಂಗಳು ತೆಗೆದಿರುತ್ತಾರೆ. ಮಲೆನಾಡಲ್ಲಿ, ಕರಾವಳಿಯಲ್ಲಿ ಅನಾಹುತ ಆಗುವುದೇ ಮಳೆಗಾಲದಲ್ಲಿ! ಮಾದರಿ ತೆಗೆದ ಜಾಗಗಳನ್ನು ನಕ್ಷೆಯಲ್ಲಿ ಹುಡುಕಿ; ಗಾಳಿ ಬೀಸುವ ದಿಕ್ಕಿನ, ಹಳ್ಳದ ಕೆಳಪಾತ್ರದ ಊರುಗಳೇ ತಪ್ಪಿಹೋಗಿದ್ದರೆ ಅದು ಒಳ್ಳೆಯ ಪ್ರಶ್ನೆ. ಪ್ರಾಣಿ ಸಸ್ಯಗಳ ಪಟ್ಟಿಯನ್ನು ಊರಿನ ಹಿರಿಯರ ಎದುರು ಓದಿ. ಆ ಸೀಮೆಯಲ್ಲಿ ಇಲ್ಲದ ಮರ ಪಟ್ಟಿಯಲ್ಲಿದ್ದರೆ ಬೇರೆ ವರದಿಯಿಂದ ಎತ್ತಿದ್ದೆಂದು ಗೊತ್ತಾಗುತ್ತದೆ. 5ನೇ ಅಧ್ಯಾಯ ಪರ್ಯಾಯಗಳದ್ದು. ಬಹುತೇಕ ಎಲ್ಲ ವರದಿಗಳಲ್ಲೂ ಬಡಕಲಾದ ಅಧ್ಯಾಯ ಇದೇ.

ಈಗ ಬರವಣಿಗೆ. ‘ಈ ಗಣಿಯಿಂದ ನೀರು ಹಾಳಾಗುತ್ತದೆ, ಕೈಬಿಡಿ’ ಎಂದು ಬರೆದರೆ ನಡಾವಳಿಯಲ್ಲಿ ‘ಸಾರ್ವಜನಿಕರು ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು’ ಎಂದಾಗುತ್ತದೆ. ಎದುರಿನ ಕಾಲಂನಲ್ಲಿ ಕಂಪನಿ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಅದನ್ನೇ ಹೀಗೆ ಬರೆಯಿರಿ: ‘3ನೇ ಅಧ್ಯಾಯದ ಬಾವಿ ನೀರಿನ ಪಟ್ಟಿಯಲ್ಲಿ ಹಳ್ಳದ ಕೆಳಗಿನ ನಮ್ಮ ಊರಿಲ್ಲ. ಮಾದರಿ ತೆಗೆದದ್ದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಜೂನ್‌ನಲ್ಲಿ ತ್ಯಾಜ್ಯ ಗುಡ್ಡೆಯಿಂದ ಹಳ್ಳಕ್ಕೆ ಇಳಿಯುವ ನೀರಿನ ಲೆಕ್ಕ ಯಾವ ಪುಟದಲ್ಲಿದೆ?’ ಇದಕ್ಕೆ ಪುಟಸಂಖ್ಯೆಯೇ ಉತ್ತರವಾಗಬೇಕು. ಒಂದು ಅಂಶಕ್ಕೆ ಒಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ಸಂಖ್ಯೆ. ಮೂರು ಪ್ರತಿ ಮಾಡಿ: ಜಿಲ್ಲಾಧಿಕಾರಿಗೊಂದು, ಮಂಡಳಿಯ ಪರಿಸರ ಅಧಿಕಾರಿಗೊಂದು, ಸ್ವೀಕೃತಿ ಮೊಹರು ಹಾಕಿಸಿ ನಿಮಗೊಂದು. ಸಭೆಗೆ ಬರಲಾಗದ ಹೊರಗಿನ ಸಂಘಟನೆಗಳೂ ಲಿಖಿತ ಅಭಿಪ್ರಾಯ ಕಳಿಸಬಹುದು. ಅದು ಸಮಾಲೋಚನೆಯ ಎರಡನೇ ಭಾಗ, ಕಾನೂನಿನ ಕಣ್ಣಲ್ಲಿ ಭಾಷಣದಷ್ಟೇ ತೂಕದ್ದು.

ಸಭೆಯ ಕೊನೆಯ ಅರ್ಧ ಗಂಟೆ ಅತಿ ಮುಖ್ಯ, ಅತಿ ಹೆಚ್ಚು ಹಾಳಾಗುವುದೂ ಅದೇ. ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಜಿಲ್ಲಾಧಿಕಾರಿ ಸಹಿ ಹಾಕಬೇಕು. ಅಷ್ಟೊತ್ತಿಗೆ ಊಟವಾಗಿರುತ್ತದೆ, ಕಡೇ ಬಸ್ಸಿನ ಚಿಂತೆ ಹತ್ತಿರುತ್ತದೆ, ಕುರ್ಚಿಗಳು ಖಾಲಿ. ಸಂಘಟನೆಯಿಂದ ನಾಲ್ಕು ಜನರನ್ನಾದರೂ ಇದಕ್ಕೆಂದೇ ಉಳಿಸಿಕೊಳ್ಳಿ, ಬಿಟ್ಟುಹೋದ ಅಂಶವನ್ನು ಸಹಿಗೆ ಮುಂಚೆ ಸೇರಿಸಿ. ಮಂಡಳಿ ನಡಾವಳಿಯನ್ನು 8 ದಿನದೊಳಗೆ ಮೇಲೆ ಕಳಿಸಬೇಕು. ಅದರ ಮೇಲೆ ಆಕ್ಷೇಪವಿದ್ದರೆ ನೇರವಾಗಿ ಅನುಮತಿ ಕೊಡುವ ಪ್ರಾಧಿಕಾರಕ್ಕೇ ಬರೆಯಬಹುದು.

ಬಹಿಷ್ಕಾರ ಮಾಡೋಣವೇ ಎಂಬ ಚರ್ಚೆ ಸಂಘಟನೆಗಳಲ್ಲಿ ಹಳೆಯದು. ಸಭೆಗೆ ಕೋರಂ ಬೇಕಿಲ್ಲ. ನೀವು ಹೊರಗೆ ಧರಣಿ ಕೂತರೂ ಒಳಗೆ ಬಂದಷ್ಟು ಜನರಲ್ಲಿ, ಅಂದರೆ ಕೆಲಸ ಸಿಗುತ್ತದೆಂದು ನಂಬಿ ಬಂದವರಲ್ಲಿ, ಸಭೆ ಮುಗಿದು ದಾಖಲೆ ಒಂದೇ ಕಡೆಗೆ ವಾಲುತ್ತದೆ. ಗಲಾಟೆ ಮಾಡಿ ನಿಲ್ಲಿಸುವುದು ಇನ್ನೂ ಅಪಾಯ. ಜನ ಮುಕ್ತವಾಗಿ ಮಾತಾಡುವ ಪರಿಸ್ಥಿತಿ ಇಲ್ಲ ಎಂದು ವರದಿ ಹೋದರೆ, ಸಭೆಯೇ ಬೇಡ ಎಂದು ನಿರ್ಧರಿಸುವ ಅವಕಾಶ ಅಧಿಸೂಚನೆಯ 7ನೇ ಕಂಡಿಕೆಯಲ್ಲಿದೆ. ಹೊರಗೆ ಧರಣಿ ಇರಲಿ, ಒಳಗೆ ಮೊಹರು ಹಾಕಿಸುವವರೂ ಇರಲಿ.

ಇಷ್ಟೆಲ್ಲ ಮಾಡಿ ಫಲವಿದೆಯೇ? ಛತ್ತೀಸ್‌ಗಢದ ರಾಯಗಢದಲ್ಲಿ ಗಾರೆ 4/6 ಕಲ್ಲಿದ್ದಲು ಗಣಿಯ ಆಲಿಕೆ 2008ರ ಜನವರಿಯಲ್ಲಿ ನಡೆದಿತ್ತು. ಅದು ನಿಯಮದಂತೆ ನಡೆದಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) 2012ರ ಏಪ್ರಿಲ್‌ನಲ್ಲಿ ಪರಿಸರ ಅನುಮತಿಯನ್ನೇ ರದ್ದು ಮಾಡಿತು. ಗೋವಾದ ಗಣಿ ಪ್ರಕರಣವೊಂದರಲ್ಲಿ (ಉತ್ಕರ್ಷ್ ಮಂಡಲ್, 2009) ದೆಹಲಿ ಹೈಕೋರ್ಟ್, ಸಭೆಯಲ್ಲಿ ಬಂದ ಆಕ್ಷೇಪಗಳಿಗೆ ತಜ್ಞರ ಸಮಿತಿ ಕಾರಣ ಸಮೇತ ಉತ್ತರಿಸಲೇಬೇಕು ಎಂದಿತು. ಎದುರು ಉದಾಹರಣೆಯೂ ಗೋವಾದ್ದೇ: ಮೋಪಾ ವಿಮಾನ ನಿಲ್ದಾಣದ ಅನುಮತಿಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅಮಾನತಿನಲ್ಲಿಟ್ಟು ಮರುಪರಿಶೀಲನೆಗೆ ಕಳಿಸಿತು, 2020ರಲ್ಲಿ ಹೆಚ್ಚುವರಿ ಷರತ್ತುಗಳೊಂದಿಗೆ ಅಮಾನತು ತೆರವು ಮಾಡಿತು. ಈಗ ಅಲ್ಲಿ ವಿಮಾನ ಇಳಿಯುತ್ತಿದೆ.

ಅನುಮತಿ ಹೊರಬಿದ್ದ ಮೇಲೆ ಗಡಿಯಾರ ಜೋರಾಗಿ ಓಡುತ್ತದೆ. ಅನುಮತಿ ಪತ್ರಗಳು ಪ್ರಕಟವಾಗುವ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೇಲೆ ಕಣ್ಣಿಟ್ಟಿರಿ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ, ಸಕಾರಣವಿದ್ದರೆ ಇನ್ನೂ 60; ಅದರಾಚೆ ಒಂದು ದಿನವೂ ಇಲ್ಲ. ಪರಿಹಾರ ಕೇಳದ ಮೇಲ್ಮನವಿಗೆ ಶುಲ್ಕ 1,000 ರೂಪಾಯಿ. ಕರ್ನಾಟಕಕ್ಕೆ ಪೀಠ ಚೆನ್ನೈನದು, ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಮೊಹರು ಬಿದ್ದ ಆ ಮೂರನೇ ಪ್ರತಿಯ ಅನುವಾದವನ್ನು ಅನುಮತಿ ಬರುವ ಮುಂಚೆಯೇ ಮಾಡಿಸಿಟ್ಟಿರಿ. ಯೋಜನೆ ಶುರುವಾಗಿಬಿಟ್ಟರೂ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಪನಿ ಸಲ್ಲಿಸಬೇಕಾದ ಅರ್ಧವಾರ್ಷಿಕ ಅನುಸರಣಾ ವರದಿಗಳನ್ನು ತರಿಸಿಕೊಂಡು, ಸಭೆಯಲ್ಲಿ ಕೊಟ್ಟ ಮಾತುಗಳ ಪಟ್ಟಿಯ ಜೊತೆ ತಾಳೆ ನೋಡಿ.