ಪಿಕಪ್ಪಿನ ಹಿಂದಿನ ಗಾಲಿಗೆ ಲಗ್ ಟೈರ್: ಎರಡು ಮಳೆಗಾಲ, 41,000 ಕಿ.ಮೀ. ಬಳಕೆಯ ನಂತರ

ಗಾಡಿ ಒಂದೂವರೆ ಟನ್ನಿನ ಪಿಕಪ್. ಎಳೆತ ಹಿಂದಿನ ಎರಡು ಗಾಲಿಗೆ ಮಾತ್ರ. ದಾರಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ. ಹೋಗುವಾಗ ಉಳ್ಳಾಗಡ್ಡಿ ತುಂಬಿ ಇಳಿಯೋದು, ಬರುವಾಗ ಖಾಲಿ ಹತ್ತೋದು. ಇಳಿಯುವಾಗ ಬ್ರೇಕಿಗೆ ಕಷ್ಟ, ಹತ್ತುವಾಗ ಹಿಂದಿನ ಟೈರಿಗೆ ಕಷ್ಟ. ಖಾಲಿ ಪಿಕಪ್ಪಿನ ಭಾರವೆಲ್ಲ ಎಂಜಿನ್, ಕ್ಯಾಬಿನ್ ಕಡೆಗೇ ಇರುತ್ತದೆ, ಎಳೆಯಬೇಕಾದ ಗಾಲಿ ಹಗುರ.

ಮುಂದೆ ರಿಬ್ (ಸುತ್ತಲೂ ಉದ್ದ ಗೆರೆಯ ಟೈರ್), ಹಿಂದೆ ಲಗ್ (ಎದ್ದು ನಿಂತ ದಪ್ಪ ರಬ್ಬರ್ ಗುಂಡಿಗಳ ಟೈರ್) ಜೋಡಿ ಹಾಕಿದ್ದು ಇದಕ್ಕೇ. ಗುಡ್ಡ ಜರಿದು ರಸ್ತೆಗೆ ಬಂದ ಕೆಂಪು ಕೆಸರು, ಸೈಡ್ ಕೊಡಲು ಇಳಿಯಬೇಕಾದ ಹಸಿ ಮಣ್ಣು, ಎರಡರಲ್ಲೂ ಲಗ್ ಟೈರ್ ಗಟ್ಟಿಯಾಗಿ ಹಿಡಿಯುತ್ತದೆ. ನುಣುಪಾದ ಒದ್ದೆ ಡಾಂಬರಿನ ಮೇಲೆ ಮಾತ್ರ ರಿಬ್ಬಿಗಿಂತ ಕಡಿಮೆ. ಗುಂಡಿಗಳ ನಡುವೆ ಅಂತರ ಜಾಸ್ತಿ, ರಸ್ತೆಗೆ ತಾಗುವ ರಬ್ಬರ್ ಕಮ್ಮಿ. ಮೊದಲ ಮಳೆ ಬಿದ್ದ ಹತ್ತು-ಹದಿನೈದು ನಿಮಿಷ ಧೂಳು, ಎಣ್ಣೆ ಕಲಸಿ ಜಾರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹೊಸ ಟೈರ್ ಆದರೆ ಇನ್ನೂ ಎಚ್ಚರ. ಮೇಲಿನ ಹೊಳಪು ಹೋಗಲು 200–300 ಕಿ.ಮೀ. ಓಡಬೇಕು, ಹಾಗಾಗಿ ರೋಹಿಣಿ ಮಳೆಯಲ್ಲೇ ಹಾಕಿಸಿ, ಮಿರಗ ಹಿಡಿಯುವವರೆಗೆ ಕಾಯಬೇಡಿ.

ಟೈರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಖಾಲಿ ಬರುವಾಗ 40 ಕಿಲೋದ ಐದು ಉಸುಕಿನ ಚೀಲ ಬೇಕು. ಇಡುವ ಜಾಗ ಹಿಂದಿನ ಆಕ್ಸಲ್ ಮೇಲೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಕ್ಯಾಬಿನ್ ಕಡೆಗೆ. ಹಿಂಬಾಗಿಲ ಹತ್ತಿರ ಇಟ್ಟರೆ ಗಾಡಿ ತಕ್ಕಡಿಯಂತೆ ಹಿಂದಕ್ಕೆ ತೂಗಿ ಮುಂದಿನ ಗಾಲಿ ಹಗುರಾಗುತ್ತದೆ, ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಎರಡು ಪದರ ಚೀಲ ಹಾಕಿ, ಹಗ್ಗದಿಂದ ಬಿಗಿಯಿರಿ, ಮೇಲೆ ತಾಡಪತ್ರಿ ಹೊದಿಸಿ. ಗಾಲಿ ಹೂತರೆ ಅದೇ ಉಸುಕು ಕೆಳಗೆ ಸುರಿಯಲು ಬರುತ್ತದೆ. ಮಾಲು ತುಂಬುವ ಮುಂಚೆ ಚೀಲ ಇಳಿಸಲೇಬೇಕು.

ಹವಾ: ಮಾಲು ತುಂಬಿದಾಗ ಹಿಂದೆ 65, ಖಾಲಿಗೆ 45 ಪಿಎಸ್ಐ. ನಿಮ್ಮ ಗಾಡಿಯ ಲೆಕ್ಕ ಬಾಗಿಲ ಪಟ್ಟಿಯಲ್ಲಿ ನೋಡಿ. ಖಾಲಿ ಗಾಡಿಗೆ 65 ಇದ್ದರೆ ಟೈರ್ ನಡುಭಾಗ ಮಾತ್ರ ತಾಗಿ ಕುಣಿಯುತ್ತದೆ. 45ಕ್ಕಿಂತ ಇಳಿಸಿದರೆ ನಿಂತ ನೀರಿನ ಮೇಲೆ ತೇಲುವ ಭಯ. ಮರುದಿನ ಮಾಲು ತುಂಬುವಾಗ ಮತ್ತೆ ಹಾಕುವುದು ಮರೆತರೆ ಟೈರ್ ಕಾದು ಪಕ್ಕದ ಗೋಡೆ ಒಡೆಯುತ್ತದೆ.

ಯಾರೂ ನೋಡದ ಒಂದು ಭಾಗ ಚಾಸಿ ಕೆಳಗಿದೆ: ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್. ಅದರಿಂದ ಆಕ್ಸಲ್ಲಿಗೆ ಒಂದು ಸಣ್ಣ ರಾಡ್ ಬರುತ್ತದೆ. ಮಾಲು ತುಂಬಿದ್ದಾಗಿನ ಸ್ಥಿತಿಯಲ್ಲೇ ಕೆಸರು ಒಣಗಿ ಅದರ ಕೀಲು ಬಿಗಿದರೆ, ಗಾಡಿ ಖಾಲಿ ಇದ್ದರೂ ವಾಲ್ವಿಗೆ ತುಂಬಿದಂತೆಯೇ ಲೆಕ್ಕ. ಬ್ರೇಕ್ ಒತ್ತಿದ ಕೂಡಲೇ ಹಿಂದಿನ ಗಾಲಿ ಲಾಕ್ ಆಗಿ ಬಾಲ ತಿರುಗುತ್ತದೆ. ಪಾಟಾ (ಸ್ಪ್ರಿಂಗ್ ಪಟ್ಟಿ) ಹೆಚ್ಚಿಸಿದ ಗಾಡಿಗಳಲ್ಲಿ ರಾಡ್ ಅಳತೆಯೇ ತಪ್ಪಿರುತ್ತದೆ, ಮತ್ತೆ ಸೆಟ್ ಮಾಡಿಸಿ. ರಾಡಿಗೆ ತಂತಿ ಕಟ್ಟಿ ನಿಲ್ಲಿಸುವ ಮೆಕ್ಯಾನಿಕ್‌ಗಳಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ತೇವ ಹೀರುತ್ತದೆ, ಉದ್ದ ಇಳಿಜಾರಿನಲ್ಲಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಗೇರ್ ಇಳಿಜಾರು ಶುರುವಾಗುವ ಮುಂಚೆಯೇ ಇಳಿಸಿ. ಎಂಜಿನ್ ತಡೆಯುವುದು ಹಿಂದಿನ ಗಾಲಿಯನ್ನು ಮಾತ್ರ. ಒದ್ದೆ ತಿರುವಿನಲ್ಲಿ ಮೂರರಿಂದ ಎರಡಕ್ಕೆ ತಟ್ಟನೆ ಹಾಕಿ ಕ್ಲಚ್ ಬಿಟ್ಟರೆ ಹಿಂಭಾಗ ಜಾರುತ್ತದೆ.

ಸವೆತ: 13 ಮಿ.ಮೀ. ಇದ್ದ ಗುಂಡಿ ಈಗ 5. ಕಾನೂನಿಗೆ 1.6 ಸಾಕು, ಘಾಟಿಗೆ 4 ಆದಾಗಲೇ ತೆಗೆಯಬೇಕು. ಗುಂಡಿಗಳ ಮೇಲೆ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ತಿರುಗಿಸಿದರೆ ಗರಗಸದಂತೆ ತಡೆಯುತ್ತದೆ. 8,000 ಕಿ.ಮೀ.ಗೊಮ್ಮೆ ಎಡ-ಬಲ ಬದಲಿಸಿದ ಮೇಲೆ ಅದು ಕಡಿಮೆಯಾಯಿತು. ಟೈರ್ ಪಕ್ಕದಲ್ಲಿ ಬಾಣದ ಗುರುತಿದ್ದರೆ ಹೀಗೆ ಬದಲಿಸಬಾರದು. ವೇಗ 60 ದಾಟಿದರೆ ಸದ್ದು, ಡೀಸೆಲ್ ಲೀಟರಿಗೆ ಅರ್ಧ ಕಿ.ಮೀ. ಕಡಿಮೆ.

ಹುಬ್ಬಳ್ಳಿ-ಧಾರವಾಡ ಊರೊಳಗೇ ಓಡುವ ಗಾಡಿಗೆ ಇದು ದಂಡ. ವಾರಕ್ಕೆರಡು ಸಲ ಘಾಟ್ ಇಳಿಯುವವರಿಗೆ ಕೊಟ್ಟ ಹಣ ಸಾರ್ಥಕ. ಮುಂದಿನ ರೋಹಿಣಿಗೆ ಹೊಸದು ಹಾಕಿಸುವಾಗಲೂ ಇದೇ ಬಗೆಯ ಜೋಡಿ.