‘ಫೈಲ್’ ಕಮಾಂಡ್: ಫೋಟೋದ ಒಳಗೇನಿದೆ ಅಂತ ಹೇಳುವ ಬಿಟ್ಟಿ ಟೂಲ್

ತುಮಕೂರಿನ ಒಂದು ಫೋಟೋ ಸ್ಟುಡಿಯೋದ ವೆಬ್‌ಸೈಟ್ ನಾನೇ ನೋಡಿಕೊಳ್ಳುತ್ತೇನೆ. ಮದುವೆ ಆಲ್ಬಂ, ಸಿದ್ಧಗಂಗೆ ಜಾತ್ರೆಯಲ್ಲಿ ತೆಗೆದ ಎತ್ತುಗಳ ಫೋಟೋ, ಎಲ್ಲವನ್ನೂ ಗಿರಾಕಿಗಳು ಫೋನಿಂದಲೇ ಅಪ್‌ಲೋಡ್ ಮಾಡುತ್ತಾರೆ. ಹೆಸರು ಜೆಪಿಜಿ ಅಂತಿರುತ್ತದೆ, ಒಳಗಿರುವುದು ಬೇರೆ ಏನೋ. ಇದನ್ನು ಹಿಡಿಯಲು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ‘ಫೈಲ್’ ಕಮಾಂಡನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಹಳೇ ಸರಕು: ಈ ಹೆಸರಿನ ಕಮಾಂಡ್ ಲಿನಕ್ಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಮ್ ಆದ ಯೂನಿಕ್ಸ್‌ನಲ್ಲಿ 1973ರಲ್ಲೇ ಇತ್ತು. ಲಿನಕ್ಸ್‌ನಲ್ಲಿರುವುದು ಇಯಾನ್ ಡಾರ್ವಿನ್ ಮತ್ತೆ ಬರೆದದ್ದು.

ಇದು ಹೆಸರಿನ ತಂಟೆಗೇ ಹೋಗುವುದಿಲ್ಲ, ಒಳಗಿನ ಬೈಟ್‌ಗಳನ್ನು ಓದುತ್ತದೆ. ಜೆಪೆಗ್ (ಅಂದರೆ ಜೆಪಿಜಿ) ಆದರೆ, ಹೆಕ್ಸ್ ಅನ್ನುವ ಕಂಪ್ಯೂಟರ್ ಲೆಕ್ಕದಲ್ಲಿ, ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರು. ಪಿಎನ್‌ಜಿ ಆದರೆ 89, ಆಮೇಲೆ ಪಿ, ಎನ್, ಜಿ ಅಕ್ಷರಗಳು. 2017ರಲ್ಲಿ ಐಒಎಸ್ 11 ಬಂದ ಮೇಲೆ ಐಫೋನ್‌ನವರ ಎಚ್‌ಇಐಸಿ ಅನ್ನುವ ಬೇರೆ ಫೋಟೋ ಫಾರ್ಮ್ಯಾಟ್‌ನ ಕಾಟ ಸೇರಿಕೊಂಡಿತು. ಸುಮ್ನೆ ಜೆಪಿಜಿ ಅಂತ ಹೆಸರು ಬದಲಿಸಿ ಕಳಿಸಿದರೆ ಕ್ರೋಮ್ ತೋರಿಸುತ್ತದಾ? ಇಲ್ಲ. ‘ಫೈಲ್’ ಮಾತ್ರ ತಕ್ಷಣ ಹೇಳಿಬಿಡುತ್ತದೆ.

ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ವೆಬ್‌ಪಿ ಅನ್ನುವ ಇನ್ನೊಂದು ಫೋಟೋ ಫಾರ್ಮ್ಯಾಟ್. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಕೇಳಿದರೆ ‘ಫೈಲ್’ ವೆಬ್‌ಪಿ ಅನ್ನುತ್ತಿತ್ತು, ಅದೇ ಫೋಟೋಗೆ ವೆಬ್‌ಸೈಟ್ ನಡೆಸುವ ಭಾಷೆಯಾದ ಪಿಎಚ್‌ಪಿ ಮಾತ್ರ ಆಕ್ಟೆಟ್ ಸ್ಟ್ರೀಮ್ (ಏನೆಂದು ಗೊತ್ತಿಲ್ಲದ ಬೈಟ್‌ಗಳು) ಅಂತ ಹೇಳಿ ಅಪ್‌ಲೋಡ್ ತಿರಸ್ಕರಿಸುತ್ತಿತ್ತು. ಸರ್ವರ್ ಕೊಟ್ಟಿರುವ ಹೋಸ್ಟಿಂಗ್‌ನವರು ‘ಫೋಟೋ ಕೆಟ್ಟಿದೆ ಸಾರ್’ ಅಂತ ಕೈ ತೊಳೆದುಕೊಂಡರು. ವಿಷಯ ಏನಪ್ಪಾ ಅಂದರೆ, ಪಿಎಚ್‌ಪಿ ತನ್ನದೇ ಲಿಬ್‌ಮ್ಯಾಜಿಕ್ (‘ಫೈಲ್’ನ ಹಿಂದೆ ಗುರುತು ಹಿಡಿಯುವ ಕೋಡ್) ಪ್ರತಿಯನ್ನು ಒಳಗಿಟ್ಟುಕೊಂಡಿರುತ್ತದೆ. ಸರ್ವರ್‌ನ ‘ಫೈಲ್’ ಅಪ್‌ಡೇಟ್ ಆದರೂ ಅದು ಹಳೆಯದೇ ಉಳಿಯುತ್ತದೆ. ಪಿಎಚ್‌ಪಿಯನ್ನೇ ಹೊಸದಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಇನ್ನೊಂದು ಗೊಂದಲ. ಬ್ರೌಸರ್‌ಗೆ ಪುಟ ಕಳಿಸುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಫೋಟೋ ಕಳಿಸುವಾಗ ‘ಫೈಲ್’ ಅನ್ನು ಕೇಳುವುದೇ ಇಲ್ಲ, ಹೆಸರಿನ ಬಾಲ ನೋಡಿ ಮೈಮ್ ಪಟ್ಟಿಯಿಂದ (ಯಾವ ಬಾಲಕ್ಕೆ ಯಾವ ಟೈಪ್ ಅನ್ನುವ ಪಟ್ಟಿ) ಟೈಪ್ ಹಾಕುತ್ತದೆ. ಹಳೇ ಪಟ್ಟಿಯಲ್ಲಿ ಎವಿಐಎಫ್ ಅನ್ನುವ ಹೊಸ ಫೋಟೋ ಫಾರ್ಮ್ಯಾಟ್ ಇರಲ್ಲ. ಆಗ ಲಿಂಕ್ ಒತ್ತಿದರೆ ಫೋಟೋ ಕಾಣುವ ಬದಲು ಡೌನ್‌ಲೋಡ್ ಆಗುತ್ತದೆ. ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಗೀತು.

‘ಫೈಲ್’ಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿತ್ತಿದ್ದು ಯಾಕೆಂದರೆ, ಮೊದಲಿಗೆ ಜಿಫ್ ಫೋಟೋದ ಗುರುತಾದ ಜಿಐಎಫ್89ಎ ಅಂತ ಬರೆದು ಹಿಂದೆ ಪಿಎಚ್‌ಪಿ ಕೋಡ್ ತುರುಕಿದರೂ ಇದು ಜಿಫ್ ಅಂತಲೇ ನಂಬುತ್ತದೆ. ಪಾಪ, ಕಳ್ಳರನ್ನು ಹಿಡಿಯುವುದು ಇದರ ಕೆಲಸ ಅಲ್ಲ ಬಿಡಿ. ಅದಕ್ಕೇ ನಾನು, ತುರುಕಿದ ಕೋಡ್ ಉದುರಿಹೋಗಲಿ ಅಂತ, ಬಂದ ಫೋಟೋವನ್ನು ಮತ್ತೆ ಹೊಸ ಜೆಪೆಗ್ ಮಾಡಿ ಉಳಿಸುತ್ತೇನೆ, ಅಪ್‌ಲೋಡ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದಂತೆ ಬಂದ್ ಮಾಡಿದ್ದೇನೆ.